ಲಘು ವಿಮಾನದ ಬ್ರೇಕ್ ದ್ರವ: ಮಿಕ್ಕಿದ್ದನ್ನು ಇಡುವುದು ಹೇಗೆ, ಕೈಬಿಡುವುದು ಯಾವಾಗ?

ಹಬ್ಬದ ದಿನ ಹಪ್ಪಳ, ಸಂಡಿಗೆ ಕರಿದು ಮಿಕ್ಕ ಎಣ್ಣೆಯನ್ನು ಬಸಿದು ಇನ್ನೊಂದು ಪಾತ್ರೆಯಲ್ಲಿ ಎತ್ತಿಡುವುದು ನಮ್ಮ ಮನೆಗಳ ರೂಢಿ. ಯಾವುದನ್ನೂ ಹಾಳು ಮಾಡಬಾರದೆಂಬ ಬುದ್ಧಿ ಒಳ್ಳೆಯದೇ. ಆದರೆ ಅದೇ ರೂಢಿ ವಿಮಾನದ ಹ್ಯಾಂಗರಿನೊಳಗೆ ಕಾಲಿಟ್ಟಾಗ ಎಚ್ಚರ ಬೇಕಾಗುತ್ತದೆ. ಅಲ್ಲಿ ಮಿಕ್ಕುವ ಎಣ್ಣೆ ಬ್ರೇಕಿನ ಎಣ್ಣೆ.

ಸೆಸ್ನಾ 152, ಸೆಸ್ನಾ 172 ಮುಂತಾದ ಎರಡು ಅಥವಾ ನಾಲ್ಕು ಆಸನಗಳ ವಿಮಾನಗಳಲ್ಲಿ ಬ್ರೇಕ್ ವ್ಯವಸ್ಥೆ ಬಹಳ ಚಿಕ್ಕದು. ನಿಯತಕಾಲಿಕ ತಪಾಸಣೆಯ ಸಂದರ್ಭದಲ್ಲಿ ಮಟ್ಟ ಇಳಿದಿದ್ದರೆ ಕೆಲವೇ ಚಮಚ ದ್ರವ ಸಾಕು. ಆದರೆ ಈ ದ್ರವ ಮಾರಾಟವಾಗುವುದು ಸಾಮಾನ್ಯವಾಗಿ ಅಮೆರಿಕದ ಅಳತೆಯ ಒಂದು ಕ್ವಾರ್ಟ್, ಅಂದರೆ 946 ಮಿಲಿಲೀಟರ್ ಡಬ್ಬಿಯಲ್ಲಿ, ಇಲ್ಲವೇ 3.785 ಲೀಟರಿನ ಒಂದು ಗ್ಯಾಲನ್ ಡಬ್ಬಿಯಲ್ಲಿ. ಡಬ್ಬಿ ತೆರೆದ ದಿನವೇ ಅದರ ಬಹುಪಾಲು ಮಿಕ್ಕುತ್ತದೆ. ಹಾಗೆ ಮಿಕ್ಕಿದ್ದನ್ನು ಏನು ಮಾಡಬೇಕು?

ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ತಪ್ಪು ಉತ್ತರದ ಫಲ ಕಾಣಿಸಿಕೊಳ್ಳುವುದು ನೆಲಕ್ಕಿಳಿದ ವಿಮಾನ ರನ್‌ವೇ ಮೇಲೆ ಓಡುತ್ತಿರುವಾಗ, ಪೈಲಟ್ ಪೆಡಲ್ ಒತ್ತಿದ ಆ ಕ್ಷಣದಲ್ಲಿ. ಜಕ್ಕೂರಿನ ಸರಕಾರಿ ವೈಮಾನಿಕ ತರಬೇತಿ ಶಾಲೆ ರಾಜ್ಯಕ್ಕೆ ಹಳೆಯ ಪರಿಚಯ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ತರಬೇತಿ ಅಕಾಡೆಮಿಗಳಿಗಾಗಿ ಆಯ್ದ ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿಯೂ ಸೇರಿದ್ದವು. ಲಘು ವಿಮಾನಗಳ ಸಂಗತಿ ಇಂದು ಬೆಂಗಳೂರಿಗೆ ಮಾತ್ರ ಸೀಮಿತವಲ್ಲ. ಈ ಹಿನ್ನೆಲೆಯಲ್ಲಿ ಬ್ರೇಕ್ ದ್ರವದ ಸಂಗ್ರಹ ಕುರಿತ ಮೂಲ ಮಾಹಿತಿ ಇಲ್ಲಿದೆ.

ಬ್ರೇಕ್ ಕೆಲಸ ಮಾಡುವ ಬಗೆ

ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಎಂಜಿನ್ನಿನಿಂದ ನಡೆಯುವ ಪಂಪುಗಳು ಹೈಡ್ರಾಲಿಕ್ ಒತ್ತಡವನ್ನು ಉಂಟುಮಾಡುತ್ತವೆ. ಬಹುತೇಕ ಲಘು ವಿಮಾನಗಳಲ್ಲಿ ಅಂಥ ನೆರವಿಲ್ಲ. ಪೈಲಟ್‌ನ ಪಾದದ ಬಲವೇ ಬ್ರೇಕಿನ ಬಲ. ಪೆಡಲಿನ ಮೇಲ್ಭಾಗವನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ ದ್ರವವನ್ನು ತಳ್ಳುತ್ತದೆ. ಆ ಒತ್ತಡ ಕಿರಿದಾದ ಕೊಳವೆಯ ಮೂಲಕ ಚಕ್ರದ ಬಳಿಯ ಕ್ಯಾಲಿಪರ್ ತಲುಪಿ, ಪ್ಯಾಡುಗಳು ತಿರುಗುತ್ತಿರುವ ಡಿಸ್ಕನ್ನು ಹಿಡಿಯುತ್ತವೆ.

ಎಡ ಚಕ್ರಕ್ಕೂ ಬಲ ಚಕ್ರಕ್ಕೂ ಬೇರೆ ಬೇರೆ ಮಾರ್ಗಗಳಿರುತ್ತವೆ. ನೆಲದ ಮೇಲೆ ವಿಮಾನವನ್ನು ಕಿರಿದಾದ ಜಾಗದಲ್ಲಿ ತಿರುಗಿಸಲು ಪೈಲಟ್ ಒಂದೇ ಬದಿಯ ಬ್ರೇಕನ್ನು ಬಳಸುವುದುಂಟು. ಆದ್ದರಿಂದ ಒಂದು ಬದಿಯ ಬ್ರೇಕ್ ಸೋತರೆ ಕೇವಲ ನಿಲ್ಲುವ ದೂರ ಹೆಚ್ಚುವುದಿಲ್ಲ. ವಿಮಾನ ಇನ್ನೊಂದು ಬದಿಗೆ ಎಳೆದುಕೊಂಡು ರನ್‌ವೇಯಿಂದ ಜಾರುವ ಸಂಭವವೂ ಇದೆ.

ದ್ರವವನ್ನು ಒತ್ತಿ ಕುಗ್ಗಿಸಲಾಗದು ಎಂಬ ಗುಣವೇ ಈ ಇಡೀ ವ್ಯವಸ್ಥೆಯ ಆಧಾರ. ಗಾಳಿ ಅಥವಾ ಆವಿ ಸೇರಿಕೊಂಡರೆ ಅದು ಕುಗ್ಗುತ್ತದೆ. ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ, ಬ್ರೇಕ್ ಮಾತ್ರ ಹಿಡಿಯುವುದಿಲ್ಲ. ದ್ರವವು ಸೋರದಂತೆ ತಡೆಯುವುದು ರಬ್ಬರಿನ ತೆಳು ಉಂಗುರಗಳು ಹಾಗೂ ಸೀಲುಗಳು. ದ್ರವಕ್ಕೂ ಈ ರಬ್ಬರಿಗೂ ಹೊಂದಾಣಿಕೆ ಇರಲೇಬೇಕು. ಮಿಕ್ಕಿದ ದ್ರವದ ಬಗೆಗಿನ ಎಚ್ಚರಿಕೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ.

ದ್ರವಗಳ ಕುಲಗೋತ್ರ

ಗ್ಯಾರೇಜಿನ ಮಾತಿನಲ್ಲಿ ಎಲ್ಲವೂ 'ಬ್ರೇಕ್ ಆಯಿಲ್'. ವಾಸ್ತವದಲ್ಲಿ ಇವು ಒಂದಕ್ಕೊಂದು ಸಂಬಂಧವಿಲ್ಲದ ಕುಟುಂಬಗಳು.

ಹರಳೆಣ್ಣೆಯ ದ್ರವ: ಹಳೆಯ ಕಾಲದ ವಿಮಾನಗಳಲ್ಲಿ ಹರಳೆಣ್ಣೆ ಮತ್ತು ಆಲ್ಕೋಹಾಲ್ ಬೆರೆಸಿದ ದ್ರವ ಬಳಕೆಯಲ್ಲಿತ್ತು. ಗುರುತಿಗಾಗಿ ನೀಲಿ ಬಣ್ಣ ಸೇರಿಸಲಾಗುತ್ತಿತ್ತು. ಇದಕ್ಕೆ ನೈಸರ್ಗಿಕ ರಬ್ಬರಿನ ಸೀಲುಗಳು ಹೊಂದುತ್ತಿದ್ದವು. ಇಂದು ಇದು ಬಹುಮಟ್ಟಿಗೆ ಇತಿಹಾಸ.

ಖನಿಜ ತೈಲದ ದ್ರವ: ಇಂದಿನ ಬಹುತೇಕ ಲಘು ವಿಮಾನಗಳ ಬ್ರೇಕಿನಲ್ಲಿರುವುದು ಪೆಟ್ರೋಲಿಯಂ ಮೂಲದ ಕೆಂಪು ದ್ರವ. ಅಮೆರಿಕದ ಸೇನಾ ಮಾನಕವಾದ ಎಂಐಎಲ್-ಎಚ್-5606 ಎಂಬ ಹೆಸರಿನಿಂದ ಇದು ಪ್ರಸಿದ್ಧ. ಮಾನಕದ ಈಗಿನ ಹೆಸರು ಎಂಐಎಲ್-ಪಿಆರ್‌ಎಫ್-5606. ಏರೋಶೆಲ್ ಫ್ಲೂಯಿಡ್ 41, ರಾಯ್ಕೊ 756 ಈ ಮಾನಕದ ಉತ್ಪನ್ನಗಳಿಗೆ ಉದಾಹರಣೆ. ಶೂನ್ಯಕ್ಕಿಂತ 54 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹರಿಯುವುದು ಇದರ ಹಿರಿಮೆ. ನೈಟ್ರೈಲ್ ರಬ್ಬರಿನ ಸೀಲುಗಳು ಇದಕ್ಕೆ ಒಗ್ಗುತ್ತವೆ. ಸುಲಭವಾಗಿ ಬೆಂಕಿ ಹಿಡಿಯುವುದು ಇದರ ದೌರ್ಬಲ್ಯ.

ಸಂಶ್ಲೇಷಿತ ಹೈಡ್ರೋಕಾರ್ಬನ್ ದ್ರವ: ಬೆಂಕಿಯ ಈ ದೌರ್ಬಲ್ಯವನ್ನು ತಗ್ಗಿಸಲು ಬಂದದ್ದು ಎಂಐಎಲ್-ಪಿಆರ್‌ಎಫ್-83282. ಇದೂ ಕೆಂಪು ಬಣ್ಣದ್ದೇ. 5606ಕ್ಕೆ ಒಗ್ಗುವ ಸೀಲುಗಳೇ ಇದಕ್ಕೂ ಒಗ್ಗುತ್ತವೆ. ಆದರೆ ತೀವ್ರ ಚಳಿಯಲ್ಲಿ ಇದು ಹೆಚ್ಚು ದಪ್ಪಗಾಗುತ್ತದೆ.

ಫಾಸ್ಫೇಟ್ ಎಸ್ಟರ್ ದ್ರವ: ಬೋಯಿಂಗ್, ಏರ್‌ಬಸ್ ಮುಂತಾದ ದೊಡ್ಡ ವಿಮಾನಗಳ ಹೈಡ್ರಾಲಿಕ್ ವ್ಯವಸ್ಥೆಯಲ್ಲಿರುವ ನೇರಳೆ ಬಣ್ಣದ ದ್ರವವಿದು. ಸ್ಕೈಡ್ರಾಲ್ ಎಂಬುದು ಇದರ ಪರಿಚಿತ ಹೆಸರು. ಬೆಂಕಿಗೆ ಪ್ರತಿರೋಧ ಹೆಚ್ಚು. ಆದರೆ ಬಣ್ಣವನ್ನು ಕರಗಿಸುತ್ತದೆ, ಚರ್ಮಕ್ಕೂ ಕಣ್ಣಿಗೂ ಉರಿ ತರುತ್ತದೆ, ನೈಟ್ರೈಲ್ ರಬ್ಬರನ್ನು ಕೆಡಿಸುತ್ತದೆ.

ಗ್ಲೈಕಾಲ್ ದ್ರವ: ನಮ್ಮ ಕಾರು, ಬೈಕುಗಳಲ್ಲಿರುವ ಡಾಟ್ 3, ಡಾಟ್ 4 ಈ ಕುಟುಂಬಕ್ಕೆ ಸೇರಿದವು. ತಿಳಿ ಬಣ್ಣದಿಂದ ಜೇನಿನ ಬಣ್ಣದವರೆಗೆ ಇರುತ್ತವೆ. ಇವುಗಳಿಗೆ ಇಪಿಡಿಎಂ ಎಂಬ ಬೇರೆಯೇ ರಬ್ಬರ್ ಬೇಕು. ಹಗುರ ಕ್ರೀಡಾ ವಿಮಾನಗಳಲ್ಲಿ ಕೆಲವು ಈ ದ್ರವಕ್ಕೆಂದೇ ರೂಪುಗೊಂಡಿವೆ ಎಂಬುದನ್ನೂ ಗಮನಿಸಬೇಕು.

ಆದ್ದರಿಂದ 'ವಿಮಾನಕ್ಕೆ ಕೆಂಪು, ಕಾರಿಗೆ ಬಿಳಿ' ಎಂಬ ಬಾಯಿಮಾತಿನ ಸೂತ್ರ ಸಾಲದು. ಯಾವ ವಿಮಾನಕ್ಕೆ ಯಾವ ದ್ರವ ಎಂಬುದನ್ನು ನಿರ್ಧರಿಸುವುದು ಆ ವಿಮಾನದ ನಿರ್ವಹಣಾ ಕೈಪಿಡಿ. ಅನೇಕ ವಿಮಾನಗಳಲ್ಲಿ ದ್ರವದ ತೊಟ್ಟಿಯ ಬಳಿಯೇ ಅದರ ಹೆಸರನ್ನು ಬರೆದಿರುತ್ತಾರೆ.

ಒಂದಕ್ಕೆ ಇನ್ನೊಂದು ಬೆರೆತರೆ?

ನೈಟ್ರೈಲ್ ಸೀಲುಗಳಿರುವ ವಿಮಾನದ ಬ್ರೇಕಿಗೆ ಕಾರಿನ ಗ್ಲೈಕಾಲ್ ದ್ರವ ಸುರಿದರೆ ಸೀಲುಗಳು ಉಬ್ಬಿ, ಮೆತ್ತಗಾಗಿ, ಕ್ರಮೇಣ ಹಾಳಾಗುತ್ತವೆ. ಇಪಿಡಿಎಂ ಸೀಲುಗಳಿರುವ ಕಾರಿಗೆ ವಿಮಾನದ ಕೆಂಪು ಎಣ್ಣೆ ಹಾಕಿದರೂ ಇದೇ ಗತಿ. ಉಬ್ಬಿದ ಸೀಲು ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಬ್ರೇಕ್ ಬಿಡದೇ ಹೋಗಬಹುದು; ಮೆತ್ತಗಾದ ಸೀಲು ಒತ್ತಡ ತಡೆಯದೆ ಸೋರಬಹುದು.

ಇಲ್ಲಿ ಮೋಸವೆಂದರೆ, ಹಾನಿ ತಕ್ಷಣ ಕಾಣಿಸದು. ಮೊದಲ ದಿನ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ವಿಮಾನ ಹಾರುತ್ತದೆ, ಇಳಿಯುತ್ತದೆ. ಕೆಲ ದಿನ ಅಥವಾ ವಾರಗಳ ನಂತರ ದೋಷ ತಲೆದೋರಿದಾಗ, ಅದಕ್ಕೆ ಅಂದು ಸುರಿದ ಎರಡು ಚಮಚ ದ್ರವವೇ ಕಾರಣವೆಂದು ಹೊಳೆಯುವುದು ಕಷ್ಟ.

ತಪ್ಪು ದ್ರವ ಸೇರಿದೆಯೆಂದು ತಿಳಿದರೆ ಮೇಲಿಂದ ಒಂದಿಷ್ಟು ತೆಗೆದು ಸರಿಯಾದದ್ದನ್ನು ತುಂಬಿದರೆ ಆಗದು. ಇಡೀ ವ್ಯವಸ್ಥೆಯನ್ನು ಬರಿದು ಮಾಡಿ, ತೊಳೆದು, ತಯಾರಕರ ಸೂಚನೆಯಂತೆ ಸೀಲುಗಳನ್ನು ಬದಲಿಸಬೇಕಾಗುತ್ತದೆ. ಅಷ್ಟು ದಿನ ವಿಮಾನ ಹ್ಯಾಂಗರಿನಲ್ಲೇ ಉಳಿಯುತ್ತದೆ. ಉಳಿತಾಯಕ್ಕೆಂದು ಎತ್ತಿಟ್ಟ ಅರ್ಧ ಡಬ್ಬಿಯ ಬೆಲೆ ಈ ಖರ್ಚಿನ ಮುಂದೆ ಏನೂ ಅಲ್ಲ.

5606 ಮತ್ತು 83282 ಎರಡೂ ಪರಸ್ಪರ ಬೆರೆಯಬಲ್ಲವು, ಸೀಲುಗಳಿಗೆ ತೊಂದರೆಯಾಗದು. ಆದರೂ ಬೆಂಕಿ ನಿರೋಧಕ ದ್ರವಕ್ಕೆ ಹಳೆಯ ಬಗೆಯದು ಸೇರಿದಷ್ಟೂ ಆ ನಿರೋಧಕ ಗುಣ ಕುಗ್ಗುತ್ತದೆ. ಹಾಗಾಗಿ ಮಿಕ್ಕ ಎರಡು ಕೆಂಪು ದ್ರವಗಳನ್ನು ಒಂದೇ ಡಬ್ಬಿಗೆ ಸುರಿದು ಜಾಗ ಉಳಿಸುವ ಯೋಚನೆ ಸಲ್ಲದು.

ಮಿಕ್ಕಿದ ದ್ರವಕ್ಕೆ ಏನಾಗುತ್ತದೆ?

ತೇವ: ಗ್ಲೈಕಾಲ್ ದ್ರವ ಗಾಳಿಯಲ್ಲಿನ ತೇವವನ್ನು ತಾನೇ ಹೀರಿಕೊಳ್ಳುತ್ತದೆ. ಖನಿಜ ತೈಲ ಹಾಗಲ್ಲ. ಅದು ಹೀರುವ ನೀರು ಅತ್ಯಲ್ಪ. ಇದೇ ಕಾರಣಕ್ಕೆ 'ಇದಕ್ಕೆ ಏನೂ ಆಗದು' ಎಂಬ ನಂಬಿಕೆ ಬೆಳೆದಿದೆ. ಆದರೆ ನೀರು ಬೇರೊಂದು ದಾರಿಯಿಂದ ಬರುತ್ತದೆ.

ಅರ್ಧ ತುಂಬಿದ ಡಬ್ಬಿಯಲ್ಲಿ ಉಳಿದರ್ಧ ಗಾಳಿ. ಹಗಲಿನ ಬಿಸಿಲಿಗೆ ತಗಡಿನ ಛಾವಣಿಯ ಕೆಳಗೆ ಆ ಗಾಳಿ ಹಿಗ್ಗಿ ಸಡಿಲ ಮುಚ್ಚಳದ ಸಂದಿನಿಂದ ಹೊರಹೋಗುತ್ತದೆ. ರಾತ್ರಿಯ ತಂಪಿಗೆ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಡಬ್ಬಿ ಹೀಗೆ ದಿನವೂ ಉಸಿರಾಡುತ್ತದೆ. ಒಳಬಂದ ತೇವ ಡಬ್ಬಿಯ ಗೋಡೆಯ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳ ಸೇರಿ ಕಣ್ಣಿಗೆ ಮರೆಯಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ, ಹಗಲಿರುಳಿನ ಉಷ್ಣತೆಯಲ್ಲಿ ಹೆಚ್ಚು ಅಂತರವಿರುವ ಒಳನಾಡಿನಲ್ಲಿ ಈ ಸಂಗತಿಯನ್ನು ಮರೆಯುವಂತಿಲ್ಲ. ಮುಚ್ಚಳದ ಅಂಚಿನ ತಗ್ಗಿನಲ್ಲಿ ಮಳೆನೀರು ನಿಂತಿದ್ದರಂತೂ ಡಬ್ಬಿ ಆ ನೀರನ್ನೇ ಒಳಗೆಳೆದುಕೊಳ್ಳಬಹುದು.

ಬ್ರೇಕಿನೊಳಗೆ ಸೇರಿದ ನೀರು ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಬ್ರೇಕ್ ಕಾದಾಗ ಆವಿಯಾಗಿ ಪೆಡಲನ್ನು ಮೆತ್ತಗೆ ಮಾಡುತ್ತದೆ. ಚಳಿ ದೇಶಗಳಲ್ಲಿ, ಎತ್ತರದ ಹಾರಾಟದಲ್ಲಿ ಮಂಜುಗಡ್ಡೆಯಾಗಿ ಕೊಳವೆಯನ್ನು ಕಟ್ಟಬಹುದು.

ಧೂಳು: ಬರಿಗಣ್ಣಿಗೆ ಕಾಣುವ ಕಣದ ಗಾತ್ರ ಸುಮಾರು 40 ಮೈಕ್ರಾನ್‌ನಿಂದ ಆರಂಭ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸೀಲುಗಳನ್ನು ಗೀರಲು, ಮಾಸ್ಟರ್ ಸಿಲಿಂಡರಿನ ಕವಾಟದಲ್ಲಿ ಕೂರಲು ಇದಕ್ಕಿಂತ ಸಣ್ಣ ಕಣಗಳೂ ಸಾಕು. ಹಾಗಾಗಿಯೇ ಕಾರ್ಖಾನೆಯಲ್ಲಿ ದ್ರವವನ್ನು ಸೂಕ್ಷ್ಮವಾಗಿ ಸೋಸಿ, ಕಣಗಳ ಸಂಖ್ಯೆಗೆ ಮಿತಿ ಹಾಕಿ ಡಬ್ಬಿಗೆ ತುಂಬುತ್ತಾರೆ. ಡಬ್ಬಿ ತೆರೆದು ಬೇರೆ ಪಾತ್ರೆಗೆ ಸುರಿದ ಕೂಡಲೇ ಆ ಖಾತರಿ ಮುಗಿಯಿತು. ನೋಡಲು ನಿರ್ಮಲವಾದ ದ್ರವ ನಿಜಕ್ಕೂ ನಿರ್ಮಲವೆಂದು ಕಣ್ಣಿನಿಂದ ಹೇಳಲಾಗದು.

ಮರೆವು: ಮೂರು ಅಪಾಯಗಳಲ್ಲಿ ದೊಡ್ಡದು ಇದೇ. ಇಂದು ಡಬ್ಬಿ ತೆರೆದವರಿಗೆ ಅದರಲ್ಲೇನಿದೆ ಎಂಬುದು ಚೆನ್ನಾಗಿ ಗೊತ್ತು. ಆರು ತಿಂಗಳ ನಂತರ ಅದೇ ಕಪಾಟಿನ ಮುಂದೆ ನಿಲ್ಲುವವರು ಬೇರೆ. ಚೀಟಿಯ ಅಕ್ಷರಗಳು ಎಣ್ಣೆ ತಾಗಿ ಅಳಿಸಿರುತ್ತವೆ. ಆಗ ಸಹಾಯಕ್ಕೆ ಬರುವುದು ಊಹೆ.

ಬಣ್ಣವನ್ನು ನಂಬಬಾರದು

ಊಹೆಯ ಮೊದಲ ಆಧಾರ ಬಣ್ಣ. ಆದರೆ ಕೆಂಪೆಂದರೆ 5606 ಎಂದೇ ಅರ್ಥವಲ್ಲ. 83282 ಕೂಡ ಕೆಂಪು. ಕಾರುಗಳ ಸ್ವಯಂಚಾಲಿತ ಗೇರ್‌ಬಾಕ್ಸಿನ ಎಣ್ಣೆಯೂ ಸಾಮಾನ್ಯವಾಗಿ ಕೆಂಪೇ. ನೇರಳೆಯೆಂದರೆ ಸ್ಕೈಡ್ರಾಲ್ ಎನ್ನುವಂತಿಲ್ಲ. ವಾಹನಗಳ ಸಿಲಿಕೋನ್ ಮೂಲದ ಡಾಟ್ 5 ದ್ರವವೂ ನೇರಳೆ. ಬೆಳಕಿನಲ್ಲಿ ಬಹುಕಾಲ ಇಟ್ಟ ದ್ರವದ ಬಣ್ಣ ಮಂಕಾಗುವುದೂ ಉಂಟು.

ಒಂದು ಹನಿಯನ್ನು ನೀರಿಗೆ ಬಿಟ್ಟು ನೋಡುವ ಹಳೆಯ ಉಪಾಯವೊಂದಿದೆ. ಖನಿಜ ತೈಲ ತೇಲುತ್ತದೆ, ಗ್ಲೈಕಾಲ್ ದ್ರವ ಬೆರೆತುಹೋಗುತ್ತದೆ. ಇದರಿಂದ ದ್ರವ ಏನಲ್ಲ ಎಂದು ಹೇಳಬಹುದೇ ವಿನಾ ಏನು ಎಂದು ಖಚಿತಪಡಿಸಲಾಗದು. ಎಂಜಿನ್ ಆಯಿಲ್ ಕೂಡ ನೀರಿನ ಮೇಲೆ ತೇಲುತ್ತದೆಯಲ್ಲವೇ? ಹೆಸರು ಕಳೆದುಕೊಂಡ ದ್ರವಕ್ಕೆ ವಿಮಾನದಲ್ಲಿ ಸ್ಥಾನವಿಲ್ಲ. ಡಬ್ಬಿ ತುಂಬಾ ಇದ್ದರೂ, ಬೆಲೆ ಎಷ್ಟೇ ಇದ್ದರೂ ಈ ನಿಯಮಕ್ಕೆ ವಿನಾಯಿತಿ ಇರಬಾರದು.

ಇಡುವ ಕ್ರಮ

ಮಿಕ್ಕ ದ್ರವವನ್ನು ಇಡಲೇಬೇಕೆಂದಾದರೆ ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಉಚಿತ.

1. ಮೊದಲಿಗೆ, ಮಿಕ್ಕುವುದನ್ನೇ ಕಡಿಮೆ ಮಾಡಿ. ಒಂದೆರಡು ವಿಮಾನಗಳಷ್ಟೇ ಇರುವಲ್ಲಿ ಗ್ಯಾಲನ್ ಡಬ್ಬಿ ಅಗ್ಗವೆಂದು ಕೊಳ್ಳುವುದಕ್ಕಿಂತ ಸಣ್ಣ ಡಬ್ಬಿ ಕೊಳ್ಳುವುದು ಲೇಸು. ಹಲವು ವಿಮಾನಗಳಿದ್ದಲ್ಲಿ ಬ್ರೇಕಿನ ಕೆಲಸಗಳನ್ನು ಒಟ್ಟಿಗೆ ಇಟ್ಟುಕೊಂಡರೆ ತೆರೆದ ಡಬ್ಬಿ ಅಂದೇ ಖಾಲಿಯಾದೀತು.

2. ದ್ರವ ಅದರ ಮೂಲ ಡಬ್ಬಿಯಲ್ಲೇ ಇರಲಿ. ಡಬ್ಬಿಯ ಮೇಲೆ ಮಾನಕದ ಸಂಖ್ಯೆ, ಬ್ಯಾಚ್ ಸಂಖ್ಯೆ, ದಿನಾಂಕ ಎಲ್ಲವೂ ಇರುತ್ತವೆ. ಬೇರೆ ಪಾತ್ರೆಗೆ ಸುರಿದರೆ ಈ ಮೂರೂ ಹಿಂದೆ ಉಳಿಯುತ್ತವೆ.

3. ಬಿಗಿಯಾದ ತಿರುಗು ಮುಚ್ಚಳವಿರುವ ಡಬ್ಬಿಯನ್ನೇ ಆರಿಸಿ. ಕೆಲವು ತಗಡಿನ ಡಬ್ಬಿಗಳಿಗೆ ಮುಚ್ಚಳವಿರದು, ತೂತು ಕೊರೆದೇ ಬಳಸಬೇಕು. ಅಂಥ ಡಬ್ಬಿ ಮತ್ತೆ ಮುಚ್ಚಲು ತಕ್ಕುದಲ್ಲ. ತೂತಿಗೆ ಟೇಪು ಅಂಟಿಸಿ ಅಥವಾ ಬಟ್ಟೆ ತುರುಕಿ ಇಡುವುದು ಸಂಗ್ರಹವೆನಿಸದು.

4. ಡಬ್ಬಿ ತೆರೆದ ದಿನಾಂಕ, ತೆರೆದವರ ಹೆಸರು, ಯಾವ ವಿಮಾನಕ್ಕೆ ಬಳಸಲಾಯಿತು ಎಂಬುದನ್ನು ಅಳಿಸದ ಶಾಯಿಯಲ್ಲಿ ಡಬ್ಬಿಯ ಮೇಲೆಯೇ ಬರೆಯಬೇಕು. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾಗುವ ಸಾಧ್ಯತೆ ಇದೆ.

5. ತೆರೆಯುವ ಮೊದಲು ಡಬ್ಬಿಯ ಮೇಲ್ಭಾಗವನ್ನು ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ಕಾಟನ್ ವೇಸ್ಟ್ ಬಳಸಿದರೆ ಅದರ ಎಳೆಗಳೇ ಒಳಗೆ ಬೀಳುತ್ತವೆ.

6. ನೆರಳು, ತಂಪು, ಒಣ ಹವೆ ಇರುವ ಮುಚ್ಚಿದ ಕಪಾಟಿನಲ್ಲಿ ಇಡಬೇಕು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಂಥ ಊರುಗಳಲ್ಲಿ ತಗಡಿನ ಶೆಡ್ಡಿನ ಅಟ್ಟ ಇದಕ್ಕೆ ಸೂಕ್ತ ಸ್ಥಳವಲ್ಲ. ನೇರ ನೆಲದ ಮೇಲೂ ಬೇಡ. ಕೆಳಗೊಂದು ತಟ್ಟೆ ಇದ್ದರೆ ಸೋರಿದ್ದು ತಿಳಿಯುತ್ತದೆ.

7. ವಿಮಾನದ ದ್ರವ ಮತ್ತು ವಾಹನಗಳ ಬ್ರೇಕ್ ಆಯಿಲ್ ಒಂದೇ ಅಂತಸ್ತಿನಲ್ಲಿ ಇರಬಾರದು. ಸಾಧ್ಯವಾದರೆ ಒಂದೇ ಕಪಾಟಿನಲ್ಲೂ ಬೇಡ.

8. ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ತುಂಬುವುದನ್ನು ಕಡ್ಡಾಯವಾಗಿ ನಿಷೇಧಿಸಬೇಕು. ಕೆಂಪು ದ್ರವವನ್ನು ಯಾರಾದರೂ ಶರಬತ್ತೆಂದು ಭಾವಿಸಿದರೆ ಆಗುವ ಅನಾಹುತ ಬ್ರೇಕಿನದ್ದಕ್ಕಿಂತ ಘೋರ.

ಬ್ಲೀಡರ್ ಪಾತ್ರೆಯಲ್ಲಿ ಉಳಿದದ್ದು

ಡಬ್ಬಿಯಲ್ಲಿ ಉಳಿದದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದೆ ಉಳಿಯುವ ಇನ್ನೊಂದು ಮಿಗತೆ ಇದೆ. ಬ್ರೇಕಿನೊಳಗೆ ಸೇರಿದ ಗಾಳಿಯನ್ನು ಹೊರಹಾಕುವ ಕೆಲಸಕ್ಕೆ ಬ್ಲೀಡಿಂಗ್ ಎನ್ನುತ್ತಾರೆ. ಅನೇಕ ಲಘು ವಿಮಾನಗಳಲ್ಲಿ ಒತ್ತಡದ ಪಾತ್ರೆ ಅಥವಾ ಕೈಪಂಪಿನಿಂದ ದ್ರವವನ್ನು ಚಕ್ರದ ಬಳಿಯ ಕೆಳತುದಿಯಿಂದ ಮೇಲಕ್ಕೆ ತಳ್ಳುತ್ತಾರೆ. ಗಾಳಿಯ ಗುಳ್ಳೆಗಳು ಸಹಜವಾಗಿ ಮೇಲೇರುವುದರಿಂದ ಈ ಕ್ರಮ ಅನುಕೂಲಕರ.

ಕೆಲಸ ಮುಗಿದ ಮೇಲೆ ಆ ಪಾತ್ರೆಯಲ್ಲೂ ಕೊಳವೆಯಲ್ಲೂ ಒಂದಿಷ್ಟು ದ್ರವ ಉಳಿದಿರುತ್ತದೆ. ಮುಂದಿನ ಬಾರಿ ಬೇರೊಂದು ವಿಮಾನಕ್ಕೆ, ಬೇರೊಂದು ದ್ರವಕ್ಕೆ ಅದೇ ಪಾತ್ರೆ ಬಳಸಿದರೆ ಹಳೆಯದು ಮೊದಲು ಒಳನುಗ್ಗುತ್ತದೆ. ಹೊಸ ಡಬ್ಬಿಯನ್ನೇ ತೆರೆದಿದ್ದೇವೆ ಎಂಬ ಸಮಾಧಾನ ಇಲ್ಲಿ ಉಪಯೋಗಕ್ಕೆ ಬಾರದು. ಆದ್ದರಿಂದ ಒಂದು ದ್ರವಕ್ಕೆ ಒಂದೇ ಪಾತ್ರೆ, ಒಂದೇ ಕೊಳವೆ, ಒಂದೇ ಆಲಿಕೆ ಎಂಬ ನಿಯಮ ಅಗತ್ಯ. ಪಾತ್ರೆಯ ಮೈಮೇಲೆ ದ್ರವದ ಹೆಸರು ಬರೆದಿರಬೇಕು. ಕೊಳವೆಯ ತುದಿಗೆ ಟೋಪಿ ಹಾಕಿಡಬೇಕು.

ಬ್ಲೀಡಿಂಗ್ ವೇಳೆ ತೊಟ್ಟಿಯಿಂದ ಹೊರಬಂದ ದ್ರವವನ್ನು ಸೋಸಿ ಮತ್ತೆ ಬಳಸುವ ಪ್ರಶ್ನೆಯೇ ಇಲ್ಲ. ಅದರಲ್ಲಿ ಗಾಳಿ, ಸವೆದ ರಬ್ಬರಿನ ಪುಡಿ, ಲೋಹದ ಕಣ ಎಲ್ಲವೂ ಇರುತ್ತವೆ. ಅದು ಮಿಕ್ಕ ದ್ರವವಲ್ಲ, ತ್ಯಾಜ್ಯ.

ಮತ್ತೆ ಬಳಸುವ ಮುನ್ನ

ತೆರೆದ ಡಬ್ಬಿಯ ಆಯುಸ್ಸು ಎಷ್ಟು? ಎಲ್ಲೆಡೆ ಸಲ್ಲುವ ಒಂದೇ ಅಂಕಿ ಇಲ್ಲ. ಡಬ್ಬಿಯ ಮೇಲಿನ ದಿನಾಂಕ ಮುದ್ರೆ ಒಡೆಯದ ಡಬ್ಬಿಗೆ ಅನ್ವಯಿಸುವಂಥದು. ತೆರೆದ ನಂತರ ಅದನ್ನೇ ಹಿಡಿದುಕೊಂಡು ಕೂರುವಂತಿಲ್ಲ. ತಯಾರಕರ ಸೂಚನೆ ಹಾಗೂ ಆಯಾ ನಿರ್ವಹಣಾ ಸಂಸ್ಥೆಯ ಲಿಖಿತ ಕ್ರಮ ಎರಡನ್ನೂ ನೋಡಿ, ಯಾವುದು ಹೆಚ್ಚು ಬಿಗಿಯೋ ಅದನ್ನು ಪಾಲಿಸುವುದು ಜಾಣತನ.

ಬಳಸುವ ಮೊದಲು ಸ್ವಚ್ಛವಾದ, ಒಣಗಿದ ಗಾಜಿನ ಲೋಟಕ್ಕೆ ಸ್ವಲ್ಪ ಸುರಿದು ಬೆಳಕಿಗೆ ಹಿಡಿದು ನೋಡಬೇಕು. ದ್ರವ ತಿಳಿಯಾಗಿ, ಹೊಳೆಯುವ ಕೆಂಪಾಗಿರಬೇಕು. ಮಬ್ಬಾಗಿದ್ದರೆ ನೀರು ಸೇರಿರುವ ಶಂಕೆ. ತಳದಲ್ಲಿ ಹನಿ, ಕಪ್ಪು ಚುಕ್ಕೆ, ಕಮಟು ಅಥವಾ ಸುಟ್ಟ ವಾಸನೆ, ಕಂದು ಛಾಯೆ ಇವುಗಳಲ್ಲಿ ಒಂದು ಕಂಡರೂ ಕೈಬಿಡಬೇಕು. ಲೋಟಕ್ಕೆ ಸುರಿದದ್ದನ್ನು ಡಬ್ಬಿಗೆ ಮರಳಿಸಬಾರದು. ಈ ಪರೀಕ್ಷೆಯಲ್ಲಿ ಸೋತ ದ್ರವ ಖಂಡಿತ ಕೆಟ್ಟಿದೆ. ಗೆದ್ದದ್ದು ಒಳ್ಳೆಯದೇ ಎಂಬ ಖಾತರಿ ಇಲ್ಲ. ಅನುಮಾನ ಉಳಿದರೆ ಹೊಸ ಡಬ್ಬಿ ತೆರೆಯುವುದೇ ಸರಿ.

ಕಾರು, ಬೈಕ್ ಮಾಲೀಕರಿಗೂ ಒಂದು ಮಾತು

ಮನೆಯ ಗ್ಯಾರೇಜಿನಲ್ಲಿ ಅರ್ಧ ಉಳಿದ ಡಾಟ್ 3 ಅಥವಾ ಡಾಟ್ 4 ಬಾಟಲಿ ಇಟ್ಟುಕೊಂಡಿರುವ ಓದುಗರು ಹಲವರಿರಬಹುದು. ಅವರ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಮಾನಕದ ಪ್ರಕಾರ ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದು ಕನಿಷ್ಠ 230 ಡಿಗ್ರಿ. ಶೇ. 3.7ರಷ್ಟು ನೀರು ಸೇರಿದಾಗಿನ ಕನಿಷ್ಠ ಮಿತಿ ಕ್ರಮವಾಗಿ 140 ಮತ್ತು 155 ಡಿಗ್ರಿ. ನೂರು ಪಾಲಿನಲ್ಲಿ ನಾಲ್ಕು ಪಾಲೂ ಇಲ್ಲದ ನೀರು ಇಷ್ಟು ವ್ಯತ್ಯಾಸ ತರುತ್ತದೆ. ಘಾಟಿ ರಸ್ತೆಯಲ್ಲಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಒತ್ತಿ ಕಾದ ಚಕ್ರಗಳಲ್ಲಿ ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಆದುದರಿಂದ ಗ್ಲೈಕಾಲ್ ದ್ರವವನ್ನು ಮುದ್ರೆ ಒಡೆಯದ ಬಾಟಲಿಯಿಂದ ಬಳಸಿ, ಮಿಕ್ಕಿದ್ದನ್ನು ಬಹುಕಾಲ ಇಡದಿರುವುದು ಒಳಿತು. ಈ ದ್ರವ ಬಳಸುವ ಹಗುರ ವಿಮಾನಗಳಿಗೂ ಇದೇ ಮಾತು ಅನ್ವಯ.

ಬೆಂಕಿ ಮತ್ತು ಆರೋಗ್ಯ

5606 ದ್ರವದ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಉಷ್ಣತೆ, ಅಂದರೆ ಜ್ವಲನ ಬಿಂದು, ಮಾನಕದ ಪ್ರಕಾರ ಕನಿಷ್ಠ 82 ಡಿಗ್ರಿ. 83282ರ ಮಿತಿ 205 ಡಿಗ್ರಿ. ಜೋರಾಗಿ ಬ್ರೇಕ್ ಹಾಕಿದ ನಂತರ ಡಿಸ್ಕಿನ ಬಿಸಿ 82 ಡಿಗ್ರಿಯನ್ನು ಸುಲಭವಾಗಿ ಮೀರುತ್ತದೆ. ಕಾದ ಡಿಸ್ಕಿನ ಮೇಲೆ ದ್ರವ ಸೋರಿದರೆ ಬೆಂಕಿ ಏಳಬಹುದು. ಕಪಾಟಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ವೆಲ್ಡಿಂಗ್ ನಡೆಯುವ ಮೂಲೆ, ಬ್ಯಾಟರಿ ಚಾರ್ಜ್ ಮಾಡುವ ಸ್ಥಳ, ಹೀಟರ್ ಇವುಗಳಿಂದ ಡಬ್ಬಿ ದೂರವಿರಲಿ. ಆಮ್ಲಜನಕದ ಸಿಲಿಂಡರುಗಳ ಬಳಿಯಂತೂ ಎಣ್ಣೆಯ ಪಸೆಯೂ ಇರಬಾರದು. ಒತ್ತಡದ ಆಮ್ಲಜನಕಕ್ಕೆ ಎಣ್ಣೆ ತಾಗಿದರೆ ಸ್ಫೋಟದ ಅಪಾಯವಿದೆ.

ದ್ರವ ಪದೇ ಪದೇ ಚರ್ಮಕ್ಕೆ ತಾಗಿದರೆ ತುರಿಕೆ, ಒಣಗುವಿಕೆ ಉಂಟಾಗಬಹುದು, ಕೈಗವಸು ಧರಿಸಬೇಕು. ಕಣ್ಣಿಗೆ ಸಿಡಿದರೆ ಧಾರಾಳ ನೀರಿನಿಂದ ತೊಳೆಯಬೇಕು. ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸಕೂಡದು. ತೆಳುವಾದ ಎಣ್ಣೆ ಶ್ವಾಸಕೋಶ ಸೇರಿದರೆ ಅಪಾಯ ಹೆಚ್ಚುತ್ತದೆ. ಡಬ್ಬಿಯ ಚೀಟಿಯೊಂದಿಗೆ ತಕ್ಷಣ ವೈದ್ಯರ ಬಳಿಗೆ ಕರೆದೊಯ್ಯಬೇಕು.

ನಿಯಮ ಏನು ಹೇಳುತ್ತದೆ?

ಅಮೆರಿಕದಲ್ಲಿ ಸ್ವಂತ ವಿಮಾನವಿರುವ ಪೈಲಟ್‌ಗಳು ತಾವೇ ಮಾಡಬಹುದಾದ ಸಣ್ಣಪುಟ್ಟ ಕೆಲಸಗಳ ಪಟ್ಟಿಯಲ್ಲಿ ಹೈಡ್ರಾಲಿಕ್ ತೊಟ್ಟಿಗೆ ದ್ರವ ತುಂಬುವುದೂ ಸೇರಿದೆ. ಹೀಗಾಗಿ ಅಲ್ಲಿ ಅರ್ಧ ಖಾಲಿಯಾದ ಡಬ್ಬಿಗಳು ಖಾಸಗಿ ಹ್ಯಾಂಗರುಗಳಲ್ಲೇ ಉಳಿಯುತ್ತವೆ. ಭಾರತದಲ್ಲಿ ತರಬೇತಿ ಶಾಲೆಗಳ ವಿಮಾನಗಳ ನಿರ್ವಹಣೆ ಅನುಮೋದಿತ ಸಂಸ್ಥೆಗಳು ಮತ್ತು ಪರವಾನಗಿ ಪಡೆದ ಎಂಜಿನಿಯರುಗಳ ಹೊಣೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಸಿಎಆರ್-145 ನಿಯಮಾವಳಿಯಂತೆ ನಿರ್ವಹಣಾ ಸಂಸ್ಥೆಗಳು ಸುರಕ್ಷಿತ ಉಗ್ರಾಣ ಹೊಂದಿರಬೇಕು, ಬಳಕೆಗೆ ಯೋಗ್ಯವಾದವನ್ನೂ ಅಲ್ಲದವನ್ನೂ ಬೇರ್ಪಡಿಸಬೇಕು, ತಯಾರಕರು ಹೇಳಿದ ರೀತಿಯಲ್ಲಿ ಇಡಬೇಕು. ಎಣ್ಣೆಯಂಥ ಬಳಕೆ ಸಾಮಗ್ರಿಗಳು ಗೊತ್ತುಪಡಿಸಿದ ಮಾನಕಕ್ಕೆ ಸೇರಿದವು ಎಂಬುದಕ್ಕೂ, ಎಲ್ಲಿಂದ ಬಂದವು ಎಂಬುದಕ್ಕೂ ದಾಖಲೆ ಇರಬೇಕು. ಚೀಟಿಯಿಲ್ಲದ ಬಾಟಲಿಗೆ ಇಂಥ ದಾಖಲೆ ಒದಗಿಸುವುದು ಅಸಾಧ್ಯ.

ವಿಲೇವಾರಿ

ಬೇಡವಾದ ದ್ರವವನ್ನು ಚರಂಡಿಗೆ, ಹ್ಯಾಂಗರಿನ ಹಿಂದಿನ ಮಣ್ಣಿಗೆ ಸುರಿಯಬಾರದು. ನಗರದ ಚರಂಡಿಯ ನೀರು ಕೊನೆಗೆ ಸೇರುವುದು ಕೆರೆಗಳನ್ನೇ. ಅಪಾಯಕಾರಿ ತ್ಯಾಜ್ಯ ನಿರ್ವಹಣೆ ಕುರಿತ 2016ರ ಕೇಂದ್ರ ನಿಯಮಗಳಲ್ಲಿ ಬಳಸಿದ ಎಣ್ಣೆಯ ವ್ಯಾಖ್ಯೆಯೊಳಗೆ ಹೈಡ್ರಾಲಿಕ್ ಎಣ್ಣೆಯೂ ಬರುತ್ತದೆ. ಅದನ್ನು ಅಧಿಕೃತ ಸಂಸ್ಕರಣಕಾರರಿಗೇ ಒಪ್ಪಿಸಬೇಕು.

ಖನಿಜ ತೈಲದ ದ್ರವವನ್ನು ಸಾಮಾನ್ಯವಾಗಿ ಬಳಸಿದ ಎಂಜಿನ್ ಆಯಿಲ್ ಜತೆ ಸಂಗ್ರಹಿಸಬಹುದು. ಗ್ಲೈಕಾಲ್ ಮತ್ತು ಫಾಸ್ಫೇಟ್ ಎಸ್ಟರ್ ದ್ರವಗಳನ್ನು ಅದಕ್ಕೆ ಬೆರೆಸಬಾರದು. ಬೆರೆಸಿದರೆ ಇಡೀ ಪೀಪಾಯಿ ಮರುಸಂಸ್ಕರಣೆಗೆ ಒದಗದೆ ಹೋಗಬಹುದು. ತ್ಯಾಜ್ಯದ ಪಾತ್ರೆಯ ಮೇಲೂ ದೊಡ್ಡ ಅಕ್ಷರಗಳಲ್ಲಿ 'ತ್ಯಾಜ್ಯ' ಎಂದು ಬರೆದಿರಬೇಕು. ಇಲ್ಲವಾದರೆ ಅದೂ ಒಂದು ದಿನ ಮಿಕ್ಕ ದ್ರವವೆಂದು ಕಪಾಟು ಸೇರೀತು.

ಕೊನೆಯದಾಗಿ, ಮುಚ್ಚಳ ಬಿಗಿದ ಮಾತ್ರಕ್ಕೆ ದ್ರವ ಸುರಕ್ಷಿತವಾಯಿತೆಂದು ತಿಳಿಯುವಂತಿಲ್ಲ. ಎಣ್ಣೆಯೊಂದಿಗೆ ಅದರ ಹೆಸರು, ದಿನಾಂಕ, ಶುದ್ಧಿ ಮೂರನ್ನೂ ಕಾಪಾಡಿದರೆ ಮಾತ್ರ ಮಿಕ್ಕಿದ್ದಕ್ಕೆ ಬೆಲೆ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಡಬ್ಬಿಯನ್ನು ವಿಲೇವಾರಿಗೆ ಕಳುಹಿಸುವುದೇ ಕ್ಷೇಮ. ಮೊದಲ ಏಕಾಂಗಿ ಹಾರಾಟ ಮುಗಿಸಿ ರನ್‌ವೇಗೆ ಚಕ್ರ ತಾಗಿಸುವ ವಿದ್ಯಾರ್ಥಿ ಪೈಲಟ್‌ಗೆ ಬ್ರೇಕಿನೊಳಗೆ ಯಾವ ಡಬ್ಬಿಯ ದ್ರವವಿದೆ ಎಂಬುದು ತಿಳಿದಿರುವುದಿಲ್ಲ. ಅದನ್ನು ತಿಳಿದಿರಬೇಕಾದವರು ಡಬ್ಬಿಯ ಮುಚ್ಚಳ ತೆರೆದವರು.